ಕೊನೆಯ ನಲ್ಲಿಯ ಹಳದಿ

ಅವರ ಮೂಗುಬೊಟ್ಟು ಗಾಜಿಗೆ ತಗುಲಿ ಟಿಣ್ ಎನ್ನುತ್ತಿತ್ತು. ಕೆಂಪು ಕಲ್ಲಿನ ಹಳೇ ಕಾಲದ ದೊಡ್ಡ ಬೊಟ್ಟು, ಅವರ ಅಜ್ಜಿಯದಂತೆ. ನೀರು ತುಂಬಿದ ಗಾಜಿನ ಲೋಟವನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವಾಗ ಆ ಬೊಟ್ಟು ಅಂಚಿಗೆ ಬಡಿಯುತ್ತಿತ್ತು. ಪಂಪಿನ ಸದ್ದಿನ ನಡುವೆಯೂ ಆ ಟಿಣ್ ನಮಗೆ ಕೇಳಿಸುತ್ತಿತ್ತು. ಅದಾದ ಮೇಲೆ ಬೈಗುಳ ಬರುತ್ತದೋ ಇಲ್ಲವೋ ಎಂದು ನಾವು ಕಿವಿ ನಿಮಿರಿಸಿಕೊಂಡು ಕಾಯುತ್ತಿದ್ದೆವಲ್ಲ, ಅದಕ್ಕೆ.

ಕಬಿನಿ ಹಿನ್ನೀರಿನ ದಡದಲ್ಲಿದ್ದ ನೀರು ಶುದ್ಧೀಕರಣ ಘಟಕವೊಂದರಲ್ಲಿ ನಾನು ಆಪರೇಟರ್. ಅವರು ಅಲ್ಲಿಗೆ ಗುತ್ತಿಗೆಯ ಮೇಲೆ ಕೆಮಿಸ್ಟ್ ಆಗಿ ಬಂದರು. ಹೊಳೆಯಿಂದ ನೀರೆತ್ತಿ, ಆಲಂ ಎನ್ನುವ ಪಟಿಕ ಹಾಕಿ ಕೆಸರು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಸುತ್ತಲಿನ ಒಂದಷ್ಟು ಹಳ್ಳಿಗಳಿಗೆ ಕಳಿಸುವುದು ನಮ್ಮ ಕೆಲಸ. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ಹಳ್ಳಿಯ ಹೆಂಗಸರು ನೀರಿನ ಮೇಡಮ್ಮು ಎನ್ನುತ್ತಿದ್ದರು. ಅಂಗನವಾಡಿಯ ಮಕ್ಕಳಿಗೆ ಮಾತ್ರ ಅವರು ಮೂಗಿನ ಮಿಸ್ಸು.

ಆ ಮೂಗಿಗೆ ಒಂದು ಚರಿತ್ರೆಯೇ ಇತ್ತು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಮನೆ ಅವರದು. ಬ್ಯಾರನ್ನಿನಲ್ಲಿ, ಅಂದರೆ ಎಲೆ ಬೇಯಿಸುವ ಆ ಎತ್ತರದ ಗೂಡಿನಲ್ಲಿ, ಬೆಂಕಿ ಎಷ್ಟಿರಬೇಕು, ಎಲೆ ಹದಕ್ಕೆ ಬಂತೋ ಇಲ್ಲವೋ ಎನ್ನುವುದನ್ನು ಅವರಪ್ಪ ಬಾಗಿಲ ಸಂದಿಗೆ ಮೂಗಿಟ್ಟು ಹೇಳುತ್ತಿದ್ದರಂತೆ. "ನಮ್ಮಪ್ಪನ ಆಸ್ತೀಲಿ ಅಣ್ಣಂದಿರು ಜಮೀನು ತಗೊಂಡ್ರು, ನಾನು ಮೂಗು ತಗೊಂಡೆ" ಎಂದು ಮೇಡಂ ನಗುತ್ತಿದ್ದರು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದ್ದರೂ ಯಂತ್ರ ಹೇಳಿದ್ದನ್ನು ಮೂಗಿಗೂ ಒಮ್ಮೆ ಕೇಳದೆ ಬಿಡುತ್ತಿರಲಿಲ್ಲ.

ಅವರ ಇನ್ನೊಂದು ಅಭ್ಯಾಸ ನಮಗೆ ತಮಾಷೆಯಾಗಿ ಕಾಣುತ್ತಿತ್ತು. ಘಟಕದ ನೀರನ್ನು ಅವರು ಘಟಕದಲ್ಲಿ ಕುಡಿಯುತ್ತಿರಲಿಲ್ಲ. ನಮ್ಮ ಪೈಪು ಮುಗಿಯುವುದು ಕಾಡಂಚಿನ ಒಂದು ಹಳ್ಳಿಯಲ್ಲಿ. ಅಲ್ಲಿನ ಅಂಗನವಾಡಿಯ ಅಂಗಳದ ನಲ್ಲಿಯೇ ಕೊನೆಯ ನಲ್ಲಿ. ಮೇಡಂ ಸಂಜೆ ಮನೆಗೆ ಹೋಗುವಾಗ ಸುತ್ತು ಬಳಸಿ ಆ ನಲ್ಲಿಗೆ ಹೋಗಿ ಬಾಟಲಿ ತುಂಬಿಸಿಕೊಂಡು, ಮರುದಿನ ಊಟಕ್ಕೆ ಅದನ್ನೇ ಕುಡಿಯುತ್ತಿದ್ದರು. ನಮ್ಮ ಹಿರಿಯ ಆಪರೇಟರ್ ನಿಂಗಣ್ಣ ಒಮ್ಮೆ ಚುಚ್ಚಿದ: "ಏನ್ ಮೇಡಂ, ನಮ್ಮನೇಲಿ ಅಡ್ಗೆ ಮಾಡಿ ಪಕ್ಕದ್ಮನೇಲಿ ಉಂಡಂಗಾಯ್ತಲ್ಲ!" ಮೇಡಂ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಉತ್ತರ ಕೊಟ್ಟರು: "ಅಡುಗೆಮನೇಲಿ ಬಿಸಿಯಾಗಿರೋದು ದೊಡ್ಡದಲ್ಲ ನಿಂಗಣ್ಣ. ಕೊನೇ ಪಂಕ್ತಿಗೆ ಬಡಿಸೋವಾಗ ಹಳಸಿರಬಾರದು."

ಆ ಕೊನೇ ಪಂಕ್ತಿಯಲ್ಲಿ ನನಗೂ ಒಬ್ಬರಿದ್ದರು. ನನ್ನ ಅಕ್ಕ. ಆ ಊರಿಗೆ ಮದುವೆಯಾಗಿ ಹೋದವಳು, ಅದೇ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಮೇಡಂ ಬರುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಆ ಮಕ್ಕಳು ಸಾಲಾಗಿ ವಾಂತಿಭೇದಿಯಿಂದ ಮಲಗಿದ್ದವು. ಕೋಟೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಷ್ಟು ಪುಟ್ಟ ಕೈಗಳಿಗೆ ಡ್ರಿಪ್ಪಿನ ಸೂಜಿ ಹಾಕಲು ನರ ಸಿಗದೆ ನರ್ಸಮ್ಮನೇ ಅತ್ತುಬಿಟ್ಟಿದ್ದಳಂತೆ. ಪುಣ್ಯಕ್ಕೆ ಎಲ್ಲವೂ ಉಳಿದವು. ನೀರಿನಿಂದಲೇ ಹಾಗಾಯಿತೆಂದು ಯಾರೂ ಸಾಬೀತು ಮಾಡಲಿಲ್ಲ. ಅಕ್ಕನಿಗೆ ಸಾಬೀತು ಬೇಕಿರಲಿಲ್ಲ. "ಮಳೆ ಶುರುವಾದ್ರೆ ನಿನ್ ನಲ್ಲಿ ತಿರುಗ್ಸಕ್ಕೇ ಕೈ ನಡುಗ್ತದೆ ಕಣ್ಲಾ" ಎಂದಳು. ನಿನ್ನ ನಲ್ಲಿ! ಅಂಗಳ ಅವಳದು, ನಲ್ಲಿ ಮಾತ್ರ ನನ್ನದಾಗಿತ್ತು.

ನಮ್ಮ ಘಟಕದಲ್ಲಿ ಮಳೆಗಾಲಕ್ಕೆಂದೇ ಒಂದು ಸಂಪ್ರದಾಯವಿತ್ತು. ವಯನಾಡಿನ ಕಾಡಿನಲ್ಲಿ ಮುಂಗಾರಿನ ಮೊದಲ ಜೋರು ಮಳೆ ಬಿದ್ದು, ವರ್ಷವಿಡೀ ಉದುರಿದ ಎಲೆಯನ್ನೆಲ್ಲ ತೊಳೆದುಕೊಂಡು ಹೊಳೆ ಬರುವಾಗ ನೀರು ತೆಳ್ಳನೆಯ ಟೀ ಬಣ್ಣಕ್ಕೆ ತಿರುಗುತ್ತದೆ. ಕೆಸರಾದರೆ ಆಲಂಗೆ ಅಂಟಿ ಕೂರುತ್ತದೆ. ಈ ಬಣ್ಣ ಕೂರುವುದಿಲ್ಲ. ಆಗ ನಿಂಗಣ್ಣನ ಸೂತ್ರ ಒಂದೇ: "ಬಣ್ಣ ಬಂದ್ರೆ ಕ್ಲೋರಿನ್ ತಿರುಗ್ಸು." ಬಟ್ಟೆಯ ಕಲೆಗೆ ಬ್ಲೀಚಿಂಗ್ ಹಾಕಿದ ಹಾಗೆ ನೀರು ಬೆಳ್ಳಗಾಗುತ್ತಿತ್ತು. ಬೆಳ್ಳಗಿದ್ದದ್ದು ಶುದ್ಧ ಎಂದು ನಾವೂ ನಂಬಿದ್ದೆವು, ಊರೂ ನಂಬಿತ್ತು. ಇದರ ಜೊತೆಗೆ, ಆಲಂ ನೀರನ್ನು ಹುಳಿ ಮಾಡಿ ಪೈಪು ತಿನ್ನುತ್ತದೆಂದು ಯಾವುದೋ ಕಾಲದ ಇಂಜಿನಿಯರ್ ಹೇಳಿದ್ದರಂತೆ. ಹಾಗಾಗಿ ಆಲಂ ಬೀಳುವ ಬಾಯಲ್ಲೇ ಸುಣ್ಣದ ತಿಳಿಯನ್ನೂ ಬಿಡುತ್ತಿದ್ದೆವು. ಅಂದಿನಿಂದ ಸುಣ್ಣವಿಲ್ಲದೆ ಆಲಂ ಇಲ್ಲ, ಗಂಡನ ಹಿಂದೆ ಹೆಂಡತಿ ಇದ್ದ ಹಾಗೆ.

ಮೇಡಂ ಬಂದ ಹೊಸತರಲ್ಲೇ ಈ ಸೂತ್ರ ಕೇಳಿ ಕೆಂಡವಾದರು. ಸಿಟ್ಟು ಬಂದರೆ ಅವರು ನಮ್ಮನ್ನು ಸ್ವಾಮಿ ಎನ್ನುತ್ತಿದ್ದರು. "ಕೇಳಿ ಸ್ವಾಮಿ. ಆ ಬಣ್ಣ ಅಂದ್ರೆ ಎಲೆ ಕಷಾಯ. ಕ್ಲೋರಿನ್ ನಮ್ಮ ಕಾವಲುಗಾರ. ಕಷಾಯ ಇಟ್ಕೊಂಡು ಕಾವಲುಗಾರನ್ನ ಕಳಿಸಿದ್ರೆ ದಾರೀಲೇ ಅದು ಅವನನ್ನ ತಿಂದಾಕ್ತದೆ. ಮೊದಲ ಊರಲ್ಲಿ ಕ್ಲೋರಿನ್ ವಾಸನೆ ಅಂತ ಬೈತಾರೆ, ಕೊನೇ ಊರಲ್ಲಿ ಕ್ಲೋರಿನ್ನೇ ಇರಲ್ಲ. ಇನ್ನೂ ಜಾಸ್ತಿ ಹಾಕಿದ್ರೆ ಎರಡೂ ಸೇರಿ ಇನ್ನೇನೋ ವಿಷ ಆಯ್ತದೆ. ಇವತ್ತು ಆಗೋ ವಾಂತಿ ಎಲ್ಲರಿಗೂ ಕಾಣ್ತದೆ. ವರ್ಷಗಟ್ಟಲೆ ಕುಡಿದ ಮೇಲೆ ಆಗೋದು ಯಾರ ಕಣ್ಣಿಗೂ ಬೀಳಲ್ಲ." ನಿಂಗಣ್ಣ ತಲೆ ಅಲ್ಲಾಡಿಸಿದ. ಅವನ ತಲೆಯಾಟಕ್ಕೆ ಹೌದು ಎಂದೂ ಅರ್ಥ, ಮಳೆ ಬರಲಿ ನೋಡೋಣ ಎಂದೂ ಅರ್ಥ.

ಮಳೆ ಬಂತು.

ಎರಡು ದಿನ ಕರೆಂಟು ಸರಿಯಾಗಿರಲಿಲ್ಲ. ಹಳ್ಳಿಗಳ ಓವರ್‌ಹೆಡ್ ಟ್ಯಾಂಕುಗಳು ತಳ ಕಂಡಿದ್ದವು. ಬೆಳಿಗ್ಗೆ ಕರೆಂಟು ಬಂದಾಗ ಹೊಳೆಯ ನೀರಿನ ಬಣ್ಣ ತಿರುಗಿತ್ತು. ಬೀಚನಹಳ್ಳಿಯಲ್ಲಿ ಅಣೆಕಟ್ಟು ತುಂಬುತ್ತಿದೆಯೆಂದು ಜನ ನೋಡಲು ಹೊರಟಿದ್ದರು. ನಮ್ಮಲ್ಲಿ ಫೋನಿನ ಮೇಲೆ ಫೋನು: ನೀರು ಯಾವಾಗ? ಬಿಟ್ಟರೆ ಕಷಾಯದ ನೀರು ಹೋಗುತ್ತದೆ. ಬಿಡದಿದ್ದರೆ ಜನ ಕೊಡ ಹಿಡಿದು ನಾಲೆಗೆ ಇಳಿಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಮೇಡಂಗೆ ಎರಡೂ ಗೊತ್ತಿತ್ತು. ಸಂಜೆಯೊಳಗೆ ಒಳ್ಳೇ ನೀರು ಕೊಡಬೇಕು, ಇನ್ನೊಂದು ದಾರಿಯಿಲ್ಲ.

ನಮ್ಮ ಲ್ಯಾಬಿನಲ್ಲಿ ಗಾಜಿನ ಜಾಡಿಗಳನ್ನು ಸಾಲಾಗಿಟ್ಟು, ಎಲ್ಲದರಲ್ಲೂ ಪುಟ್ಟ ಹುಟ್ಟುಗಳನ್ನು ಒಟ್ಟಿಗೆ ತಿರುಗಿಸುವ ಯಂತ್ರವೊಂದಿತ್ತು. ಯಾವ ಜಾಡಿಗೆ ಎಷ್ಟು ಆಲಂ ಹಾಕಿದರೆ ನೀರು ತಿಳಿಯಾಗುತ್ತದೆಂದು ಮೊದಲು ಅಲ್ಲಿ ನೋಡಿ, ಆಮೇಲೆ ದೊಡ್ಡ ತೊಟ್ಟಿಗೆ ಅದೇ ಲೆಕ್ಕ. ಮೇಡಂ ಆಲಂ ಹೆಚ್ಚಿಸುತ್ತಾ ಹೋದರು. ನಾನು ಪಕ್ಕದಲ್ಲಿ ನಿಂತು ಮಾಮೂಲಿನಂತೆ ಪ್ರತಿ ಜಾಡಿಗೂ ಸುಣ್ಣದ ತಿಳಿ ಹನಿಸುತ್ತಿದ್ದೆ. ಕೆಸರು ಕೂತಿತು, ಬಣ್ಣ ಕೂರಲಿಲ್ಲ. ಎಲ್ಲ ಜಾಡಿಯಲ್ಲೂ ಅದೇ ತೆಳು ಟೀ. ಅವರು ಎಲ್ಲವನ್ನೂ ಚೆಲ್ಲಿ ಮತ್ತೆ ತುಂಬಿದರು. ಮತ್ತೆ ಅದೇ. ನಿಂಗಣ್ಣ ಬಾಗಿಲಲ್ಲಿ ನಿಂತು, "ಟೈಮಾಯ್ತಾ ಅದೆ ಮೇಡಂ, ಕ್ಲೋರಿನ್ ತಿರುಗ್ಸಿ ಬುಟ್‌ಬುಡಾಣ" ಎಂದ. ಮೇಡಂ ಮೂರನೇ ಸಲ ಜಾಡಿಗಳನ್ನು ತುಂಬಿದರು. ಅವರ ಮೇಲ್ದುಟಿಯ ಮೇಲೆ ಬೆವರು ಕಟ್ಟಿತ್ತು.

ಸುಣ್ಣ ಹನಿಸುವ ಪಿಪೆಟ್ಟು ಹಿಡಿದಿದ್ದ ನನ್ನ ಕೈಯನ್ನು ಅವರು ತಟ್ಟನೆ ಹಿಡಿದದ್ದು ಆಗಲೇ.

"ಸ್ವಾಮಿ, ನಿಮ್ಮನೇಲಿ ಹಾಲು ಒಡೆಸ್ಬೇಕಾದ್ರೆ ಏನ್ ಹಾಕ್ತೀರಾ?"

"ನಿಂಬೆಹುಳಿ" ಎಂದೆ.

"ಸುಣ್ಣ ಹಾಕಲ್ವಾ?"

ನಾನು ಪೆಕರನ ಹಾಗೆ ಅವರ ಮುಖ ನೋಡಿದೆ.

"ಓದಿದ್ದೀನಿ ಕಣ್ರೀ ಇದನ್ನ, ಪರೀಕ್ಷೇಲಿ ಬರೆದೂ ಇದ್ದೀನಿ. ನಿಮ್ ಸಂಪ್ರದಾಯ ನೋಡ್ತಾ ನೋಡ್ತಾ ನಂಗೂ ಮರ್ತೇ ಓಗಿತ್ತು!" ತಲೆ ಚಚ್ಚಿಕೊಂಡರು. "ಕಷಾಯ ಒಡೀಬೇಕಾದ್ರೆ ನೀರು ಒಂಚೂರು ಹುಳಿಯಾಗಬೇಕು. ಆಲಂ ಹುಳಿ ಮಾಡ್ತದೆ, ನಾವು ಅದೇ ಬಾಯಿಗೆ ಸುಣ್ಣ ಸುರಿದು ಕೆಡಿಸ್ತಾ ಕೂತಿದ್ದೀವಿ."

ಸುಣ್ಣವಿಲ್ಲದೆ ಜಾಡಿಗಳು ತಿರುಗಿದವು. ಹುಟ್ಟುಗಳು ನಿಂತ ಮೇಲೆ ನಾವು ಮೂವರೂ ಬಗ್ಗಿ ನೋಡುತ್ತಾ ನಿಂತೆವು. ಮೊದಲು ಏನೂ ಇಲ್ಲ. ಆಮೇಲೆ ನಡುವಿನ ಒಂದು ಜಾಡಿಯಲ್ಲಿ ಸಣ್ಣ ಕಂದು ಚೂರುಗಳು ಕಾಣಿಸಿಕೊಂಡವು. ಒಂದಕ್ಕೊಂದು ಅಂಟಿ ದಪ್ಪಗಾಗಿ, ಒಡೆದ ಹಾಲಿನ ಗಿಣ್ಣಿನ ಹಾಗೆ ಮೆಲ್ಲಗೆ ಇಳಿಯತೊಡಗಿದವು. ಮೇಲೆ ಉಳಿದ ನೀರಿನಾಚೆಯಿಂದ ಕಿಟಕಿಯ ಸರಳು ನೆಟ್ಟಗೆ ಕಾಣುತ್ತಿತ್ತು. ಆಲಂ ಇನ್ನೂ ಹೆಚ್ಚಾಗಿದ್ದ ಜಾಡಿಯಲ್ಲಿ ಹುಳಿ ಅತಿಯಾಗಿ ಮತ್ತೆ ಮಬ್ಬು. ಹದ ನಡುವಿನದರಲ್ಲೇ ಇತ್ತು. ಮೇಡಂ ಅದನ್ನೆತ್ತಿ ಮೂಗಿಗೆ ಹಿಡಿದರು. ಟಿಣ್. ಬೈಗುಳ ಬರಲಿಲ್ಲ. "ಎಲೆ ಇಲ್ಲ" ಎಂದರು, ಅಷ್ಟೇ.

ಸುಣ್ಣ ಬಿಡುವ ಗೇಟನ್ನು ಮುಚ್ಚಿ ಎಂದರೆ ನಿಂಗಣ್ಣನ ಕೈ ಏಳಲಿಲ್ಲ. ಅಷ್ಟರಲ್ಲಿ, ಯಾರು ಸುದ್ದಿ ಮುಟ್ಟಿಸಿದರೋ, ಮೇಲಿನ ಇಂಜಿನಿಯರ್ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿಸಿತು: ಸುಣ್ಣ ನಿಲ್ಲಿಸಿದರೆ ಪೈಪು ಹಾಳಾಗುತ್ತದೆ, ನಾಳೆ ಯಾರು ಜವಾಬ್ದಾರಿ? ಆ ತಿಂಗಳೇ ಮೇಡಂ ಗುತ್ತಿಗೆ ಮುಂದುವರಿಸುವ ಆದೇಶ ಬರಬೇಕಿತ್ತು. ಅದನ್ನು ಬರೆಯಬೇಕಾದವರೂ ಇದೇ ಇಂಜಿನಿಯರ್. ಮೇಡಂ ಫೋನಿನ ಕಡೆ ಬಗ್ಗಿದರು. "ಸುಣ್ಣ ನಿಲ್ಸಲ್ಲ ಸರ್. ಜಾಗ ಬದಲಾಯಿಸ್ತೀನಿ. ಫಿಲ್ಟರ್ ಆದ್ಮೇಲೆ ಹಾಕ್ತೀನಿ, ಹುಳಿ ಅಲ್ಲೇ ಓಯ್ತದೆ. ಪೈಪಿಗೆ ಏನಾದ್ರೂ ಆದ್ರೆ ನನ್ನ ಹೆಸರು ಹೇಳಿ." ಆ ಕಡೆಯಿಂದ ಉತ್ತರ ಬರುವ ಮೊದಲೇ ಫೋನಿಟ್ಟರು. ಹೋಗಿ ಸುಣ್ಣದ ಗೇಟನ್ನು ತಾವೇ ಮುಚ್ಚಿದರು.

ಹೇಳುವುದು ಸುಲಭ. ಫಿಲ್ಟರ್ ಕಡೆಗೆ ಸುಣ್ಣದ ಪೈಪೇ ಇರಲಿಲ್ಲ. ನಾನು ಪಕ್ಕದ ತೋಟದಿಂದ ಕರಿ ಹೋಸ್ ಪೈಪಿನ ಸುರುಳಿ ಕೇಳಿ ತಂದೆ. ನಿಂಗಣ್ಣ ಗೊಣಗುತ್ತಲೇ ಡ್ರಮ್ಮಿನಲ್ಲಿ ಸುಣ್ಣ ಕದಡಿ, ಬಟ್ಟೆಯಲ್ಲಿ ಸೋಸಿ, ಗೋಡೆಯ ಮೇಲೆ ಎತ್ತಿಟ್ಟ. ಮೇಡಂ ಸೀರೆ ಎತ್ತಿ ಕಟ್ಟಿ ಫಿಲ್ಟರಿನ ಬಾಯಲ್ಲಿ ಕೂತು, ನೀರಿನ ಹುಳಿ ನೋಡುತ್ತಾ, "ಇನ್ನೊಂಚೂರು, ಇನ್ನೊಂಚೂರು, ಸಾಕು" ಎನ್ನುತ್ತಿದ್ದರು. ಮಧ್ಯಾಹ್ನ ಯಾರಿಗೂ ಊಟದ ನೆನಪಾಗಲಿಲ್ಲ. ದೊಡ್ಡ ತೊಟ್ಟಿಯಲ್ಲಿ ಕಂದು ಗಿಣ್ಣು ತೇಲಿ, ಮುಳುಗಿ, ಕೂತಿತು. ಕ್ಲೋರಿನ್ನಿನ ಚಕ್ರವನ್ನು ನಿಂಗಣ್ಣ ಅಭ್ಯಾಸಬಲದಿಂದ ಮುಂದಕ್ಕೆ ತಿರುಗಿಸಿದ. ಮೇಡಂ ಹೋಗಿ ಹಿಂದಕ್ಕೆ ತಿರುಗಿಸಿದರು.

ಇಳಿಹೊತ್ತಿಗೆ ನೀರು ಬಿಟ್ಟೆವು. ಮೇಡಂ ನನ್ನ ಬೈಕಿನ ಹಿಂದೆ ಕೂತು, "ನಡೀರಿ, ಕೊನೇ ನಲ್ಲಿಗೆ" ಎಂದರು.

ಅಂಗನವಾಡಿಯ ಅಂಗಳದಲ್ಲಿ ಊರೇ ನೆರೆದಿತ್ತು. ಬಿಂದಿಗೆಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಮಕ್ಕಳು ಬೆಳಗಿನಿಂದ ಕೈ ತೊಳೆದಿರಲಿಲ್ಲ. ಅಕ್ಕ ಒಲೆ ಹಚ್ಚದೆ ನನ್ನ ದಾರಿ ನೋಡುತ್ತಿದ್ದಳು. ನಲ್ಲಿ ಒಮ್ಮೆ ಕೆಮ್ಮಿ ನೀರು ಸುರಿಸತೊಡಗಿತು. ಬೆಳ್ಳಗಿನ ನೀರು. ಹೆಂಗಸರು ಹೋ ಎಂದು ನುಗ್ಗಿದರು. ಮೇಡಂ ಅಡ್ಡ ನಿಂತರು.

"ತಡೀರಿ. ನೋಡಿ ಬುಡ್ತೀನಿ."

ಚೀಲದಿಂದ ಗಾಜಿನ ಕೊಳವೆ ತೆಗೆದು ನೀರು ಹಿಡಿದು ಔಷಧಿಯ ಹನಿ ಬಿಟ್ಟರು. ಕ್ಲೋರಿನ್ ಬದುಕಿದ್ದರೆ ನೀರು ಹಳದಿಯಾಗಬೇಕು. ಆಗಲಿಲ್ಲ. ಬೆಳ್ಳಗೇ ಇತ್ತು. ಇಷ್ಟೆಲ್ಲ ಮಾಡಿಯೂ!

"ಪೈಪಲ್ಲಿ ನಿಂತಿದ್ದ ಹಳೇ ನೀರಿರಬೇಕು" ಎಂದರು ಮೇಡಂ, ನನಗಿಂತ ತಮಗೇ ಹೇಳಿಕೊಳ್ಳುವ ಹಾಗೆ. "ಹರಿಯಕ್ಕೆ ಬುಡಿ. ಚೆಲ್ಲಿ."

ಎರಡು ದಿನ ನೀರು ಕಾಣದ ಊರಿನ ಮುಂದೆ ನಲ್ಲಿಯ ನೀರನ್ನು ತೆಂಗಿನ ಪಾತಿಗೆ ಹರಿಯಬಿಟ್ಟು ನಿಲ್ಲುವುದು ಎಂಥದೆಂದು ಅಲ್ಲಿ ನಿಂತವರಿಗೇ ಗೊತ್ತು. ನೀರು ಗಳಗಳ ಹರಿಯುತ್ತಿತ್ತು. ಒಬ್ಬ ಮುದುಕಿ ಬಿಂದಿಗೆಯನ್ನು ನೆಲಕ್ಕೆ ಕುಕ್ಕಿದಳು. "ಕುಡಿಯೋ ನೀರ ಮಣ್ಣಿಗೆ ಸುರೀತಾವ್ಳಲ್ಲ, ಇವಳ ಕೈಗೆ ಹುಳ ಬೀಳ!" ಇನ್ನೊಬ್ಬಳು ಮೇಡಂ ತೋಳು ಹಿಡಿದೆಳೆದಳು. "ಕಣ್ಣಿಗೆ ಕಾಣಕಿಲ್ವಾ ಮೇಡಂ? ಗಾಜಿದ್ದಂಗದೆ ನೀರು, ಬುಡಿ ಅತ್ಲಾಗೆ!" ಗಂಡಸರೂ ಹತ್ತಿರ ಬಂದರು. ನಾನು ಮೇಡಂ ಪಕ್ಕಕ್ಕೆ ಹೋಗಿ ನಿಂತೆ. ನಿಂತು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಮೇಡಂ ಎರಡನೇ ಸಲ ಹನಿ ಬಿಟ್ಟರು. ಬೆಳ್ಳಗೆ. ಮುದುಕಿ ಬಿಂದಿಗೆಯನ್ನು ನಲ್ಲಿಯ ಕೆಳಗೆ ತಳ್ಳಿಯೇಬಿಟ್ಟಳು.

ಆ ಬಿಂದಿಗೆಯನ್ನು ಎತ್ತಿ ಪಕ್ಕಕ್ಕಿಟ್ಟವಳು ನನ್ನ ಅಕ್ಕ. "ಅಜ್ಜೀ, ಹೋದ್ ಮಳೇಲೂ ಗಾಜಿನಂಗೇ ಇತ್ತು. ನಿನ್ ಮೊಮ್ಮಗೂನ ಎತ್ಕೊಂಡು ಆಸ್ಪತ್ರೆಗೆ ಓಡಿದ್ದು ನಾನು" ಎಂದಳು. ಮುದುಕಿ ಬಿಂದಿಗೆಯನ್ನು ತನ್ನತ್ತ ಎಳೆದುಕೊಂಡಳು. ಜನ ಒಂದು ಹೆಜ್ಜೆ ಹಿಂದೆ ಸರಿದರು. ನೀರು ಹರಿಯುತ್ತಲೇ ಇತ್ತು. ತೆಂಗಿನ ಪಾತಿ ತುಂಬಿ ಅಂಗಳಕ್ಕೆ ಬಂತು.

ಮೂರನೇ ಸಲ ಹನಿ ಬಿದ್ದಾಗ ಕೊಳವೆಯ ತಳದಲ್ಲಿ ಏನೋ ಕದಲಿದಂತಾಯಿತು. ಮೇಡಂ ಅದನ್ನು ಬೆಳಕಿಗೆ ಹಿಡಿದರು. ಹಳದಿ. ಎಳೇ ಹಳದಿ, ಮದುವೆ ಪತ್ರಿಕೆಯ ಮೂಲೆಗೆ ಹಚ್ಚುವ ಅರಿಶಿನ ಒಣಗಿದ ಮೇಲೆ ಇರುತ್ತದಲ್ಲ, ಅಷ್ಟು. ಮೇಡಂ ಅಂಗನವಾಡಿಯ ಒಂದು ಗಾಜಿನ ಲೋಟ ಇಸಿದುಕೊಂಡು ನೀರು ಹಿಡಿದು ಮೂಗಿಗೆ ತಂದರು. ಟಿಣ್. ಅಷ್ಟು ಜನರಿದ್ದರೂ ಆ ಸದ್ದು ಕೇಳಿಸಿತು. ಗಟಗಟ ಕುಡಿದು, ಲೋಟ ಅಕ್ಕನ ಕೈಗಿಟ್ಟು, "ಮೊದ್ಲು ಮಕ್ಕಳಿಗೆ ಹಿಡೀರಮ್ಮ" ಎಂದರು. ಆಮೇಲೆ ಜಗಲಿಯ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಒತ್ತಿಕೊಂಡರು. ಬೈದಿದ್ದ ಮುದುಕಿಯೇ ಹೋಗಿ ಅವರ ಬೆನ್ನು ಸವರಿದಳು.

ಆ ಮಳೆಗಾಲದಲ್ಲಿ ಅಂಗನವಾಡಿಯಿಂದ ಯಾವ ಮಗುವೂ ಆಸ್ಪತ್ರೆಗೆ ಹೋಗಲಿಲ್ಲ. ಗುತ್ತಿಗೆ ಮುಂದುವರಿಯಿತು, ಇಂಜಿನಿಯರ್ ಗೊಣಗಿಕೊಂಡೇ ಬರೆದರು. ಮುಂದಿನ ಬೇಸಿಗೆಯಲ್ಲಿ ಫಿಲ್ಟರಿನ ಆಚೆಗೆ ಸುಣ್ಣದ ಸರಿಯಾದ ಪೈಪು ಬಂತು. ನಿಂಗಣ್ಣ ನಿವೃತ್ತನಾಗುವವರೆಗೂ, "ಸುಣ್ಣ ಎಲ್ಲಿ ಹಾಕ್ಬೇಕು ಅಂತ ಎಲೆಅಡಿಕೆ ಹಾಕೋನ್ಗೆ ಹೆಂಗಸು ಬಂದು ಹೇಳ್ಕೊಡ್ಬೇಕಾಯ್ತಲ್ಲಾ" ಎಂದು ತನ್ನನ್ನೇ ಗೇಲಿ ಮಾಡಿಕೊಂಡ. ಮೇಡಂ ಮಾತ್ರ ಸಂಜೆ ಸುತ್ತು ಬಳಸಿ ಬಾಟಲಿ ತುಂಬಿಸಿಕೊಳ್ಳುವುದನ್ನು ಬಿಡಲಿಲ್ಲ. "ಒಂದ್ಸಲ ಹಳದಿ ಬಂದ್ರೆ ಜನ್ಮಕ್ಕಾಯ್ತಾ? ನಾಳೆ ಬೇರೆ ನೀರು ಕಣಪ್ಪ" ಎನ್ನುತ್ತಿದ್ದರು.

ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ತವರಿಗೆ ಹೋದ ಮೇಡಂ ಹಿಂದಿರುಗಲಿಲ್ಲ. ಎದೆನೋವು ಎಂದರಂತೆ, ಹುಣಸೂರಿನ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಸುದ್ದಿ ತಿಳಿದು ಅಕ್ಕ, ನಾನು ಬಸ್ಸು ಹಿಡಿದೆವು. ಅವಳ ಕೈಚೀಲದಲ್ಲಿ ಒಂದು ಬಾಟಲಿ ಇತ್ತು. ಏನೆಂದು ನಾನು ಕೇಳಲಿಲ್ಲ. ದಾರಿಯುದ್ದಕ್ಕೂ ಬ್ಯಾರನ್ನುಗಳಿಂದ ಬೇಯುವ ಎಲೆಯ ಘಾಟು ಬರುತ್ತಿತ್ತು. ಇದನ್ನು ಮೂಸಿ ಅವರು ಏನು ಹೇಳುತ್ತಿದ್ದರೋ ಎಂದುಕೊಂಡೆ. ಕಣ್ಣು ತುಂಬಿ ಬಂದು ಕಿಟಕಿಯ ಕಡೆ ತಿರುಗಿ ಕೂತೆ.

ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಮೂಗುಬೊಟ್ಟನ್ನು ಇನ್ನೂ ತೆಗೆದಿರಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಬಂದವರೆಲ್ಲ ವೀಳ್ಯದೆಲೆಯ ತುದಿಯಿಂದ ಬಾಯಿಗೆ ನೀರು ಬಿಡುತ್ತಿದ್ದರು. ನಮ್ಮ ಸರದಿ ಬಂದಾಗ ಅಕ್ಕ ಅಲ್ಲಿಟ್ಟಿದ್ದ ಚೊಂಬನ್ನು ಮುಟ್ಟದೆ ಚೀಲದಿಂದ ಬಾಟಲಿ ತೆಗೆದಳು. ಕೊನೆಯ ನಲ್ಲಿಯ ನೀರು, ಬೆಳಿಗ್ಗೆ ಹಿಡಿದದ್ದು.

"ತಡಿ" ಎಂದೆ.

ಮೇಡಂ ತವರಿಗೆ ಹೊರಟಾಗಿನಿಂದ ಆ ಕೊಳವೆ, ಆ ಔಷಧಿ ನನ್ನ ಜೇಬಿನಲ್ಲೇ ಇದ್ದವು. ಜನ ನೋಡುತ್ತಿದ್ದರು. ಇವನಿಗೇನಾಗಿದೆ ಎಂದು ಯಾರೋ ಪಿಸುಗುಟ್ಟಿದರು. ನಾನು ಮಂಡಿಯೂರಿ ಕೂತು, ನೀರು ಹಿಡಿದು, ಹನಿ ಬಿಟ್ಟು, ಬಾಗಿಲ ಬೆಳಕಿಗೆ ಎತ್ತಿ ಹಿಡಿದು ಕಾದೆ. ಹಳದಿ ಬಂತು. ಬಾಟಲಿಯ ನೀರನ್ನು ಮೂಸಿ ನೋಡಿದೆ. ಎಲೆ ಇರಲಿಲ್ಲ.

"ಈಗ ಬುಡಕ್ಕ" ಎಂದೆ.